ಸೀಟಿ ನನ್ನ ಕೈಗೆ ಬಂದದ್ದು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೈಯಬೇಡ. "ನನ್ನ ಕಾಲು ನೋಡಿಯೂ ರಸ್ತೆಬದಿ ಕಸ ಹೆಕ್ಕೋಕೆ ಹೋಗ್ತೀಯಾ? ಇವತ್ತೇ ಬಿಟ್ಟುಬಿಡು" ಎಂದು ಬರೆದಿದ್ದೆಯಲ್ಲ, ಅದಕ್ಕೆ ಏನು ಹೇಳಬೇಕೋ ತಿಳಿಯದೆ ಕೂತಿದ್ದೆ. ಬಿಡಲು ನನಗೆ ಮನಸ್ಸಿಲ್ಲ ಅಕ್ಕ. ಪೂರ್ತಿ ಓದಿ ಆಮೇಲೆ ಹೇಳು.

ನಮ್ಮ ಗುಂಪಿನಲ್ಲಿ ಆರು ಜನ. ಯಜಮಾನಿಕೆ ಒಬ್ಬ ನಿವೃತ್ತ ಬಸ್ ಚಾಲಕರದು; ಎಲ್ಲರಿಗೂ ಅವರು ಡ್ರೈವರ್ ಮಾಮ. ಬರುವ ಗಾಡಿಗಳಿಗೆ ಎದುರಾಗಿಯೇ ನಡೆಯಬೇಕು, ಬಿಳಿ ಗೆರೆ ದಾಟಬಾರದು, ಗಾಜು ಕಂಡರೆ ಇಕ್ಕಳದಲ್ಲಿ ಎತ್ತಬೇಕು, ಸೂಜಿ ಕಂಡರೆ ಮುಟ್ಟದೆ ಅವರನ್ನು ಕರೆಯಬೇಕು. ಪಕ್ಕದ ಬೀದಿಯ ಟೈಲರಮ್ಮ ಎಲ್ಲರಿಗೂ ಹೊಳೆಯುವ ಪಟ್ಟಿಯ ಕಿತ್ತಳೆ ಅಂಗಿ ಹೊಲಿದಿದ್ದಾರೆ. ನನ್ನದರಲ್ಲಿ ನನ್ನಂಥ ಇಬ್ಬರು ಹಿಡಿಸುತ್ತಾರೆ. "ಮುಂದೆ ದಪ್ಪ ಆಗ್ತೀಯಲ್ಲ, ಆಗ ಸರಿಹೋಗುತ್ತೆ" ಅಂದರು.

ಮೊದಲ ದಿನವೇ ಬೈಸಿಕೊಂಡೆ. ಸಿಕ್ಕ ಕಾಗದವನ್ನೆಲ್ಲ ಓದುತ್ತಾ ನಿಲ್ಲುವ ನನ್ನ ಚಟ ನಿನಗೆ ಗೊತ್ತು. ಯಾರೋ ಹರಿದೆಸೆದ ಪ್ರೇಮಪತ್ರದ ಅರ್ಧ ಸಿಕ್ಕಿತ್ತು; ಉಳಿದರ್ಧ ಹುಡುಕುತ್ತಾ ಗೆರೆ ದಾಟಿಬಿಟ್ಟಿದ್ದೆ. ಮಾಮ ತೋಳು ಹಿಡಿದು ಎಳೆದರು. "ಏನಮ್ಮ, ಎಂ.ಎ. ಓದಿದ್ದು ಸಾಲಲಿಲ್ವಾ? ನಿನ್ನ ಕೈಗೆ ಚೀಲ ಕೊಡಬಾರದು, ಸೀಟಿ ಕೊಡಬೇಕು. ಅದರ ಮೇಲೆ ಓದೋಕೆ ಏನೂ ಇಲ್ಲ."

ಹಾಗೆ ಕಾವಲಿನ ಕೆಲಸ ನನಗೆ ಬಂತು. ಐವತ್ತು ಹೆಜ್ಜೆ ಮುಂದೆ ನಿಂತಿರಬೇಕು. ಯಾವುದಾದರೂ ಗಾಡಿ ಗೆರೆಯತ್ತ ವಾಲಿದರೆ ಊದಬೇಕು. ಊದಿದ ತಕ್ಷಣ ಉಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಪಕ್ಕದ ದಿಬ್ಬ ಹತ್ತಬೇಕು. ಮೊದಲ ವಾರ ಸೈಕಲ್ಲಿಗೂ ಊದಿದೆ. ಒಂಬತ್ತು ಸಲ ಹತ್ತಿಳಿದ ಟೈಲರಮ್ಮ, "ನನ್ನ ಮಂಡಿನೋವು ವಾಸಿಯಾಯ್ತೋ, ಮಂಡೀನೇ ಹೋಯ್ತೋ, ನಾಳೆ ಎದ್ದು ನೋಡಿ ಹೇಳ್ತೀನಿ" ಅಂದರು.

ಇವತ್ತು ತಿರುವಿನಲ್ಲಿ ಪೈಪು ಹೇರಿದ ಲಾರಿಯೊಂದು ಗೆರೆಯೊಳಕ್ಕೇ ಬಂತು. ಊದಿದೆ. ಲಾರಿ ಹಾದುಹೋದಾಗ ಐವರೂ ದಿಬ್ಬದ ಮೇಲಿದ್ದರು. ಕೆಳಗೆ ಬಿಟ್ಟ ಮೂರು ಚೀಲ ಚಪ್ಪಟೆಯಾಗಿ ಕಸ ಚೆಲ್ಲಾಪಿಲ್ಲಿಯಾಗಿತ್ತು. ಆಮೇಲೆ ಟೈಲರಮ್ಮ, "ಬನ್ನಿ, ಹೆಕ್ಕಿದ್ದನ್ನೇ ಇನ್ನೊಂದ್ಸಲ ಹೆಕ್ಕೋಣ" ಅಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಮ ಮಾತ್ರ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟರು. ಇಷ್ಟು ಸಂತೋಷವಾಗಿ ಎಷ್ಟು ದಿನವಾಗಿತ್ತೋ.

ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಅವಳು ಸಾಕು ಅನ್ನುವಷ್ಟು ಮುತ್ತು. ನಿಮ್ಮ ಮನೆ ತುಂಬ ನಗು ಇರಲಿ.

ನಿನ್ನ
ಇಲಿಮರಿ

ತಾ.ಕ.: ನಿನ್ನ ಕಾಲಿಗೆ ಬೈಕು ಬಡಿದ ದಿನ, ಅದು ಬರುವುದು ನನಗೆ ಕಾಣಲಿಲ್ಲ ಎಂದು ಮನೆಯಲ್ಲಿ ಹೇಳಿದ್ದೆ. ಕಂಡಿತ್ತು ಅಕ್ಕ. ಅಷ್ಟು ಜನರ ನಡುವೆ ಕೂಗಲು ನಾಚಿಕೆಯಾಗಿ ಬಾಯಿ ಕಟ್ಟಿಹೋಯಿತು. ಕೂಗಿದ್ದು ನೀನು ಬಿದ್ದ ಮೇಲೆ. ಇದು ತಿಳಿದ ಮೇಲೂ ಬಿಟ್ಟುಬಿಡು ಅಂದರೆ, ಬಿಡುತ್ತೇನೆ.