ಮೇಷ್ಟ್ರ ಬಾಯಿಪಾಠ

ಏಪ್ರಿಲ್ 14, ಭಾನುವಾರ. ಬೆಳಿಗ್ಗೆ 7

ವಾಕಿಂಗ್ ಆಯಿತು. ಕಾಫಿ ಎರಡನೆಯದು. ನಿನ್ನೆ ಲಾಡ್ಜಿನ ಊಟ — ಮತ್ತೆ ಅದೇ ಕಥೆ. ನನ್ನ ಎಡಕ್ಕೆ ಎರಡು ಕುರ್ಚಿ ಖಾಲಿ, ಬಲಕ್ಕೆ ಎರಡು ಖಾಲಿ. ಮೇಜಿನ ಆ ತುದಿಯಲ್ಲಿ ಮೂವತ್ತೆಂಟು ಜನ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಕೂತಿದ್ದರು. ಈ ತುದಿಯಲ್ಲಿ ನಾನು ಮತ್ತು ಉಪ್ಪಿನ ಡಬ್ಬಿ.

ತಪ್ಪು ಅವರದಲ್ಲ. ನಮ್ಮ ಸ್ಕೂಲಿನ ಹಳೇ ಹುಡುಗರು ಸೇರಿ ಕಟ್ಟಿಕೊಂಡ ಫ್ರೀಮೇಸನ್ ಲಾಡ್ಜ್ ಇದು, ಗುಟ್ಟಿನ ವಿಧಿಗಳಿರುವ ಸಂಘ. ತಿಂಗಳ ಎರಡನೇ ಶನಿವಾರ ಸ್ಕೂಲಿನಲ್ಲೇ ಸೇರುತ್ತಾರೆ. ನಾಲ್ಕಕ್ಕೆ ದೊಡ್ಡ ಹಾಲ್‌ನಲ್ಲಿ ಬಾಗಿಲು ಹಾಕಿಕೊಂಡು ಅವರ ವಿಧಿವಿಧಾನ, ಆರಕ್ಕೆ ಕ್ಯಾಂಟೀನಿನಲ್ಲಿ ಊಟ. ಮೇಷ್ಟರುಗಳೂ ಸೇರಬಹುದು ಅಂತ ನಿಯಮ ಇದೆ. ಇಷ್ಟು ವರ್ಷದಲ್ಲಿ ಸೇರಿದ ಮೇಷ್ಟ್ರು ನಾನೊಬ್ಬನೇ. ಅದೂ ಮೂವತ್ತೈದು ವರ್ಷ ಅವರಿಗೆಲ್ಲ ಗಣಿತ ಕಲಿಸಿದವನು. ಕಲಿಸಿದೆ ಅನ್ನುವುದಕ್ಕಿಂತ ಕುಡಿಸಿದೆ, ಮೂಗು ಹಿಡಿದು ಹರಳೆಣ್ಣೆ ಕುಡಿಸಿದ ಹಾಗೆ. ಒಬ್ಬರಿಗೂ ಹೊಡೆದವನಲ್ಲ. ಎದ್ದು ನಿಲ್ಲಿಸುತ್ತಿದ್ದೆ, ಅಷ್ಟೇ. ಬೆಲ್ ಆಗುವವರೆಗೆ.

ಲಾಡ್ಜಿನ ಒಳಗೆ ಎಲ್ಲರೂ ಬ್ರದರ್. ಹೋದ ತಿಂಗಳು ಸೇರಿದ ನಾನು ಎಲ್ಲರಿಗಿಂತ ಕಿರಿಯ ಬ್ರದರ್. ಕಿರಿಯವನೇ ಸೂಪ್ ಬಡಿಸಬೇಕು. ಸೌಟು ಹಿಡಿದು ಹೋದೆ. ಈ ವರ್ಷದ ಅಧ್ಯಕ್ಷ ಏನೋ ಜೋಕು ಹೇಳುತ್ತಿದ್ದ — ಈಗ ಹಲ್ಲಿನ ಡಾಕ್ಟರು, ಆಗ ಕೊನೇ ಬೆಂಚಿನ ಖಾಯಂ ಗಿರಾಕಿ. ನನ್ನನ್ನು ಕಂಡದ್ದೇ ಜೋಕನ್ನು ಅರ್ಧಕ್ಕೇ ನುಂಗಿದ. "ಸಾಕು ಸರ್. ಥ್ಯಾಂಕ್ಯೂ ಸರ್." ಇನ್ನೂ ಒಂದು ಹನಿ ಹಾಕಿರಲಿಲ್ಲ.

ಮನೆಗೆ ಬಂದು ಇವಳ ಹತ್ತಿರ ಹೇಳಿಕೊಂಡೆ. "ಮೂವತ್ತೈದು ವರ್ಷ ಹೆದರಿಸಿದೀರಿ. ಎರಡೇ ಊಟಕ್ಕೆ ಪಕ್ಕದಲ್ಲಿ ಬಂದು ಕೂತ್ಕೊಳ್ಳಿ ಅಂದ್ರೆ ಹೇಗ್ರೀ?" ಅಂದಳು.

ಅರ್ಜಿ ಫಾರ್ಮ್ ತಂದುಕೊಟ್ಟವಳೇ ಇವಳು. ರಿಟೈರ್ ಆಗಿ ಎರಡು ವರ್ಷಕ್ಕೆ, ಮನೆಯ ಚಮಚಗಳನ್ನು ಎಣಿಸಿ ಒಂದು ಕಮ್ಮಿ ಇದೆ ಎಂದು ನಾನು ಗಲಾಟೆ ಮಾಡಿದ ದಿನ. ನಿಜ ಹೇಳಬೇಕೆಂದರೆ, ನನಗೆ ಮಾತಾಡಲು ಜನ ಬೇಕು. ಅದನ್ನು ಯಾರ ಮುಂದೆ ಹೇಳುವುದು…

ಏಪ್ರಿಲ್ 16, ಮಂಗಳವಾರ

ಲಾಡ್ಜಿನಲ್ಲಿ ಮುಂದಿನ ಮೆಟ್ಟಿಲು ಹತ್ತಬೇಕಾದರೆ ಪರೀಕ್ಷೆ ಇದೆಯಂತೆ! ಹನ್ನೊಂದು ಪ್ರಶ್ನೆ. ಹಾಲ್ ನಡುವೆ ನಿಂತು, ಎಲ್ಲರೆದುರು, ಪದ ತಪ್ಪದೆ ಉತ್ತರ ಹೇಳಬೇಕು. ಪುಸ್ತಕ ಇಲ್ಲ, ನೋಟ್ಸ್ ಇಲ್ಲ, ಬರೆದುಕೊಳ್ಳುವ ಹಾಗೂ ಇಲ್ಲ. ಬಾಯಿಂದ ಕಿವಿಗೆ, ಬಾಯಿಪಾಠ. ಮೇ 11ಕ್ಕೆ. ಹೇಳಿಕೊಡಲು ಒಬ್ಬನನ್ನು ನೇಮಿಸಿದ್ದಾರೆ.

ಯಾರನ್ನು? ಪ್ಲಂಬರನ್ನು. ಗಣಿತದಲ್ಲಿ ನೂರಕ್ಕೆ ಹನ್ನೊಂದು ತೆಗೆದವನು. ಹನ್ನೆರಡರ ಮಗ್ಗಿ ಬಾರದೆ ಒಂದು ಇಡೀ ಟರ್ಮ್ ನನ್ನ ಕ್ಲಾಸಿನಲ್ಲಿ ನಿಂತೇ ಕಳೆದವನು. ಗುರುವಿಗೇ ತಿರುಮಂತ್ರ ಅನ್ನುವುದು ಇದಕ್ಕೇ ಇರಬೇಕು.

ಸಂಜೆ ಬಂದ. ಸೋಫಾದ ತುದಿಯಲ್ಲಿ ಕೂತ, ಈಗಲೋ ಆಗಲೋ ಓಡಲು ಸಿದ್ಧನಾಗಿ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. "ಒಂದ್ನಿಮಿಷ ಸರ್" ಎಂದು ಹೋಗಿ ವಾಷರ್ ಬದಲಾಯಿಸಿ ಬಂದ. ಆಮೇಲೆ ಸರಿಯಾಗಿ ಕೂತ. ಪಾಠ ಶುರು.

ಏಪ್ರಿಲ್ 25, ಗುರುವಾರ

ಮೂರು ಬಂದಿದೆ. ನಾಲ್ಕನೆಯದು ಕಬ್ಬಿಣದ ಕಡಲೆ. ಅರ್ಧ ಹೇಳುತ್ತೇನೆ, ಬಾಲ ಕಳೆದುಹೋಗುತ್ತದೆ. ಇವತ್ತು ಏಳು ಸಲ ಆಯಿತು.

ಏಳು ಸಲವೂ ಅವನು, "ಪರವಾಗಿಲ್ಲ ಸರ್. ಇನ್ನೊಂದ್ಸಲ."

ಆ ಮಾತನ್ನು ಏಳನೇ ಸಲ ಕೇಳುವಾಗ ತಲೆಗೆ ಹೊಳೆಯಿತು — ನಾನು ಇದನ್ನು ಸರ್ವೀಸಿನಲ್ಲಿ ಒಮ್ಮೆಯೂ ಹೇಳಿದ ನೆನಪಿಲ್ಲ.

ಅವನಿಗೆ ಇದೊಂದೇ ಅಲ್ಲ, ಇಡೀ ವಿಧಿ ಬಾಯಿಗೆ ಬರುತ್ತದೆ. ಮುಕ್ಕಾಲು ಗಂಟೆ ನಿಲ್ಲಿಸದೆ ಹೇಳಬಲ್ಲ. ಕೇಳಿಯೇಬಿಟ್ಟೆ. "ಅಲ್ಲ ಕಣೋ, ನಿನಗೆ ಹನ್ನೆರಡರ ಮಗ್ಗಿ ಹತ್ತಲಿಲ್ಲ. ಇದು ಹೇಗೆ ಹತ್ತಿತು?"

"ಸಿಂಕ್ ಕೆಳಗೆ ಮಲಗಿ ಕೆಲಸ ಮಾಡ್ತೀನಲ್ಲ ಸರ್, ಆಗ ಹೇಳ್ಕೋತೀನಿ. ಅಲ್ಲಿ ತಪ್ಪಿದ್ರೆ ಯಾರೂ ಏನೂ ಅನ್ನಲ್ಲ."

ಚುಚ್ಚಿ ಹೇಳಿದ್ದಲ್ಲ. ಸುಮ್ಮನೆ ಹೇಳಿದ. ಅದಕ್ಕೇ ನನಗೆ ನಾಟಿತು. ನಾಚಿಕೆಯಾಯಿತು, ತುಂಬಾ. ಇವಳು ಒಳಗಿನಿಂದ ಬಿಸ್ಕತ್ತಿನ ತಟ್ಟೆ ತಂದದ್ದು ಒಳ್ಳೆಯದಾಯಿತು.

ಮೇ 2, ಗುರುವಾರ

ಐದು ಬಂತು. ಆರು ಬಂತು, ಹೋಯಿತು.

ಪಕ್ಕದ ಮನೆಯಾಕೆ ಇವಳನ್ನು ಕೇಳಿದಳಂತೆ, ಶನಿವಾರ ನಿಮ್ಮವರು ಸೂಟ್ ಹಾಕಿಕೊಂಡು ಎಲ್ಲಿಗೆ ಹೋಗ್ತಾರೆ ಅಂತ. ಇವಳು ಪಾಪದವಳ ಹಾಗೆ, "ತಿಂಗಳಿಗೊಂದ್ಸಲ ಲಾಡ್ಜಿಗೆ ಹೋಗ್ತಾರೆ. ಒಳಗೇನು ಮಾಡ್ತಾರೋ ನನಗೂ ಹೇಳಲ್ಲ" ಅಂದಳಂತೆ. ಆಕೆ ಆವತ್ತಿನಿಂದ ನನ್ನ ಮುಖ ನೋಡುತ್ತಿಲ್ಲ. ಇವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಹೋಗಿ ಬಿಡಿಸಿ ಹೇಳು ಅಂದರೆ, ಇನ್ನೊಂದು ವಾರ ಇರಲಿ ಅನ್ನುತ್ತಾಳೆ.

ಮೇ 10, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಬಾಯಿಪಾಠ, ಬಾಯಿಪಾಠ. ಸ್ನಾನಕ್ಕೆ ಹೋದರೆ ಏಳನೆಯದು. ಹಾಲು ತರಲು ಹೋದರೆ ಏಳನೆಯದು. ಎಂಟರಿಂದ ಹನ್ನೊಂದು ನೀರು ಕುಡಿದ ಹಾಗೆ ಬರುತ್ತದೆ — ಏಳನೆಯದರಲ್ಲಿ ಮಾತ್ರ ಕಾಲು ಜಾರುತ್ತದೆ.

ಹೆದರಿಕೆ. ಯಾಕೆ ಸುಳ್ಳು ಹೇಳಲಿ. ನಾಳೆ ಆ ಮೂವತ್ತೆಂಟು ಜನರ ಎದುರು ತಡವರಿಸಿ ನಿಂತರೆ? ನಗುವುದಿಲ್ಲ ಅವರು, ಗೊತ್ತು. ತಲೆ ತಗ್ಗಿಸಿ ಕೂರುತ್ತಾರೆ. ಅದು ಇನ್ನೂ ಕಷ್ಟ. ಆಮೇಲೆ ಊಟಕ್ಕೆ ಮತ್ತೆ ನಾನು ಮತ್ತು ಉಪ್ಪಿನ ಡಬ್ಬಿ.

ನಾಳೆ ತಪ್ಪಿದರೆ ಬಿಟ್ಟುಬಿಡುತ್ತೇನೆ. ರಾಜೀನಾಮೆ ಬರೆದು ಕೋಟಿನ ಜೇಬಿನಲ್ಲಿಟ್ಟಿದ್ದೇನೆ. ಎರಡೇ ಸಾಲು. ಇವಳಿಗೆ ಹೇಳಿಲ್ಲ. ಮನೆಯಲ್ಲೇ ಇರುತ್ತೇನೆ ಮತ್ತೆ, ಚಮಚ ಎಣಿಸಿಕೊಂಡು.

ಮೇ 11, ಶನಿವಾರ. ಮಧ್ಯಾಹ್ನ 3.10

ಟೈ ಎರಡು ಸಲ ಕಟ್ಟಿದೆ. "ಮದುವೆ ದಿನವೂ ಇಷ್ಟು ಬೆವರಿರಲಿಲ್ಲ ನೀವು" ಅಂದಳು. ಏಳನೆಯದು ಈಗ ಬಂತು. ಈಗ. ಅಲುಗಾಡಿಸದೆ ಹಾಗೇ ಹೊತ್ತುಕೊಂಡು ಹೋಗಬೇಕು —

ಮೇ 12, ಭಾನುವಾರ. ಬೆಳಿಗ್ಗೆ 6

ಇವಳು ಇನ್ನೂ ಎದ್ದಿಲ್ಲ. ಬರೆಯದಿದ್ದರೆ ತಡೆಯಲಾಗುವುದಿಲ್ಲ. ವಿಧಿಯ ಮಾತು ಬರೆಯುವ ಹಾಗಿಲ್ಲ, ಬರೆಯುವುದಿಲ್ಲ. ಆದರೆ ನಡೆದದ್ದು ಯಾವ ವಿಧಿಯಲ್ಲೂ ಇಲ್ಲ.

ಹಾಲ್ ನಡುವೆ ನಿಂತೆ. ಲಾಡ್ಜಿನ ಪದ್ಧತಿಯಂತೆ ಸೊಂಟಕ್ಕೆ ಬಿಳಿ ಏಪ್ರನ್. ಎದುರಿಗೆ ಎತ್ತರದ ಕುರ್ಚಿಯಲ್ಲಿ ಹಲ್ಲಿನ ಡಾಕ್ಟರು, ಅವನು ಕೇಳಬೇಕು. ನನ್ನ ಬಲಗಡೆ, ಮೊಣಕೈ ತಾಗುವಷ್ಟು ಹತ್ತಿರ, ಪ್ಲಂಬರ್. ಅಭ್ಯರ್ಥಿ ತಡವರಿಸಿದರೆ ಪಕ್ಕದವನು ಮೆಲ್ಲಗೆ ಹೇಳಿಕೊಡಬೇಕು. ಅದು ಅಲ್ಲಿನ ಪದ್ಧತಿ. ತಪ್ಪಲ್ಲ, ಅವನ ಡ್ಯೂಟಿಯೇ ಅದು. ನನಗೆ ಮೊದಲೇ ತಿಳಿಸಿದ್ದ ಕೂಡ.

ಆರರವರೆಗೆ ರೈಲು ಹೋದ ಹಾಗೆ ಹೋಯಿತು. ಏಳನೇ ಪ್ರಶ್ನೆ. ಬಾಯಿ ತೆರೆದೆ… ಖಾಲಿ. ಹೊತ್ತುಕೊಂಡು ಹೋದದ್ದು ಗೇಟಿನಲ್ಲೇ ಬಿದ್ದಿತ್ತು. ಆಗ ಬಲಗಿವಿಯ ಹತ್ತಿರ ಪಿಸುಪಿಸು ಕೇಳಿಸಿತು. ಮೊದಲ ಎರಡು ಪದ.

ಏನಾಯಿತೋ ಗೊತ್ತಿಲ್ಲ. ನನ್ನೊಳಗಿನ ಮೇಷ್ಟ್ರು ನನಗಿಂತ ಮೊದಲೇ ಎದ್ದ. ಗಂಟಲು ಕಿತ್ತುಹೋಗುವ ಹಾಗೆ —

"ಯಾರದು ಹೇಳಿಕೊಡ್ತಿರೋದು? ಎದ್ದು ನಿಲ್ಲು!"

ಎದ್ದರು. ಒಬ್ಬನಲ್ಲ. ಕೂತಿದ್ದವರೆಲ್ಲರೂ! ಬ್ಯಾಂಕ್ ಮ್ಯಾನೇಜರ್, ಇನ್ಶೂರೆನ್ಸಿನವನು, ಎತ್ತರದ ಕುರ್ಚಿಯಿಂದ ಹಲ್ಲಿನ ಡಾಕ್ಟರು — ಎಲ್ಲ ಬಿಳಿ ಏಪ್ರನ್, ಬಿಳಿ ಗ್ಲೌಸ್ ಹಾಕಿಕೊಂಡೇ ಕೈ ಕಟ್ಟಿ ಸೆಟೆದು ನಿಂತರು. ಮೊದಲೇ ನಿಂತಿದ್ದ ಪ್ಲಂಬರ್, ಮತ್ತೇನು ಮಾಡಬೇಕೋ ತಿಳಿಯದೆ, "ನಾನೇ ಸರ್" ಅಂದ.

ಆಗ ನನ್ನ ಮಾತು ನನ್ನ ಕಿವಿಗೆ ಬಿತ್ತು. ಮೊದಲು ನಕ್ಕವನು ನಾನು. ನಗು ಅಂದರೆ ಎಂಥದು, ಕಣ್ಣಲ್ಲಿ ನೀರು, ಏಪ್ರನ್ನಿನಲ್ಲಿ ಒರೆಸಿಕೊಂಡೆ. ನಾನು ನಕ್ಕದ್ದನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಒಬ್ಬ ಕಿಸಕ್ಕೆಂದ. ಇನ್ನೊಬ್ಬ. ಆಮೇಲೆ ಇಡೀ ಹಾಲ್! ಬಾಗಿಲು ಕಾಯುವವನು ಹೊರಗಿನಿಂದ ಬಡಿದ, ಒಳಗೆ ಯಾರಿಗಾದರೂ ಏನಾದರೂ ಆಯಿತೇನೋ ಎಂದು.

ನಗು ಇಳಿದ ಮೇಲೆ ಪ್ಲಂಬರ್ ಕಡೆ ತಿರುಗಿ ಹೇಳಿದೆ, "ಮರೆತುಹೋಗಿದೆ ಕಣೋ. ಹೇಳಿಕೊಡು."

ಹೇಳಿಕೊಟ್ಟ. ಎರಡೇ ಪದ. ಉಳಿದದ್ದು ತಾನಾಗಿ ಬಂತು. ಹನ್ನೊಂದೂ ಮುಗಿಯಿತು. ಹಲ್ಲಿನ ಡಾಕ್ಟರು ಗಂಭೀರವಾಗಿ, "ಪಾಸು" ಅಂದ. ಅಲ್ಲಿ ಹೇಳಬೇಕಾದ ಮಾತು ಅದಲ್ಲ. ಯಾರೂ ತಿದ್ದಲಿಲ್ಲ.

ಊಟಕ್ಕೆ ಹೋದರೆ ನನ್ನ ಕುರ್ಚಿ ಯಾವುದೆಂದೇ ತಿಳಿಯಲಿಲ್ಲ. ಎಲ್ಲ ಅಸ್ತವ್ಯಸ್ತ. ಯಾರೋ ತೋಳು ಹಿಡಿದು ನಡುವೆ ಎಳೆದು ಕೂರಿಸಿದರು. ಸೂಪ್ ಬಡಿಸುವುದೇ ಮರೆತೆ. ಪುಡಿಂಗ್ ಬರುವ ಹೊತ್ತಿಗೆ ಇನ್ಶೂರೆನ್ಸಿನವನು ಕುರ್ಚಿ ಎಳೆದುಕೊಂಡು ಬಂದ.

"ಸರ್, ಒಂದು ವಿಷಯ. ಬೈಬಾರದು."

"ಹೇಳಪ್ಪ."

"ನಿಮಗೊಂದು ಹೆಸರಿಟ್ಟಿದ್ವಿ, ಸರ್."

ಬ್ಯಾಂಕ್ ಮ್ಯಾನೇಜರ್ ಅವನ ಕಾಲು ತುಳಿದದ್ದು ನನಗೇ ಕಾಣಿಸಿತು. ನನಗೆ ಅಡ್ಡಹೆಸರು ಇಲ್ಲವೆಂದೇ ನಂಬಿದ್ದೆ. ಧೈರ್ಯ ಎಲ್ಲಿ ಬರಬೇಕು ಹುಡುಗರಿಗೆ, ಅಂದುಕೊಂಡಿದ್ದೆ. ಏನಂತ, ಅಂದೆ.

"ಕುಕ್ಕರ್, ಸರ್. ಬೈಯೋ ಮುಂಚೆ ಮೂಗಲ್ಲಿ ಮೂರು ಸಲ ಸ್ಸ್ ಅಂತ ಬಿಡ್ತೀರಲ್ಲ… ಮೂರನೇ ಸೀಟಿ ಕೂಗಿತು ಅಂದ್ರೆ ನಾವೆಲ್ಲ ತಲೆ ಬಗ್ಗಿಸಿಬಿಡ್ತಿದ್ವಿ."

ಮೂವತ್ತೈದು ವರ್ಷ. ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ. ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಇವರಿಗೆ ಗುಟ್ಟು ಕಾಯಲು ಲಾಡ್ಜ್ ಕಲಿಸಬೇಕಾಗಿರಲಿಲ್ಲ, ಬರುವಾಗಲೇ ಕಲಿತು ಬಂದಿದ್ದರು! ಮೂಗಿನಲ್ಲಿ ಮೂರು ಸಲ ಬಿಟ್ಟು ತೋರಿಸಿದೆ. ಬ್ಯಾಂಕ್ ಮ್ಯಾನೇಜರ್‌ಗೆ ಪುಡಿಂಗ್ ನೆತ್ತಿಗೇರಿತು.

ಆಮೇಲೆ ಒಡ್ಡು ಒಡೆಯಿತು. ಹೆಡ್‌ಮಾಸ್ಟರ್, ಭೂಗೋಳದ ಮೇಡಂ, ಡ್ರಿಲ್ ಮೇಷ್ಟ್ರು, ಎಲ್ಲರ ಅಡ್ಡಹೆಸರೂ ಹೊರಬಂತು. ಹೇಳುವ ಮುಂಚೆ ಪುಡಿಂಗ್ ಚಮಚ ಎತ್ತಿ ನನ್ನಿಂದ ಆಣೆ ಮಾಡಿಸಿಕೊಂಡರು, ಈ ಹೆಸರುಗಳು ಈ ಮೇಜು ಬಿಟ್ಟು ಹೋಗಬಾರದು ಅಂತ. ಪ್ಲಂಬರ್ ಮೊದಲು ಹೇಳಿಕೊಟ್ಟ, ನಾನು ಹಿಂದೆ ಹೇಳಿದೆ. ಇಷ್ಟು ಸಂತೋಷ ರಿಟೈರ್ ಆದ ಮೇಲೆ ಆಗಿರಲಿಲ್ಲ. ಮುಂಚೆ ಆಗಿತ್ತೇ ಅಂತ ಕೇಳಿದರೆ, ಅದಕ್ಕೂ ಯೋಚಿಸಬೇಕು.

ಈಗ ತಾನೇ ಜೇಬಿನ ಕಾಗದ ಹರಿದು ಹಾಕಿದೆ.

ಅದೇ ದಿನ, 9 ಗಂಟೆ

ಇವಳಿಗೆ ಕುಕ್ಕರ್ ವಿಷಯ ಹೇಳಿದೆ. ರೊಟ್ಟಿಗೆ ಬೆಣ್ಣೆ ಸವರುತ್ತಾ, "ಗೊತ್ತು" ಅಂದಳು. ಇಪ್ಪತ್ತು ವರ್ಷದಿಂದ ಗೊತ್ತಂತೆ! ಯಾರೋ ಹುಡುಗನ ತಾಯಿ ಹೇಳಿದ್ದಂತೆ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾಲ್ಕನೇ ಸೀಟಿ ಕೂಗ್ತಿದ್ರಿ."

ಮೇ 28, ಮಂಗಳವಾರ

ಬರೆಯಲು ಪುರುಸೊತ್ತೇ ಇಲ್ಲ. ಪ್ಲಂಬರ್ ಬಂದು ಎರಡನೇ ಮೆಟ್ಟಿಲಿನ ಪಾಠ ಶುರು ಮಾಡಿದ್ದಾನೆ. ಹಲ್ಲಿನ ಡಾಕ್ಟರು ದವಡೆ ಹಲ್ಲು ನೋಡಿದ, ಬಾಯಿಗೆ ಹತ್ತಿ ತುರುಕಿ, ನಾನು ಉತ್ತರ ಕೊಡಲಾಗದ ಹೊತ್ತು ನೋಡಿ ಮಗ್ಗಿ ಕೇಳಿದ. ಕಿಡಿಗೇಡಿ.

ಬೆಳಿಗ್ಗೆ ಔಷಧಿ ಅಂಗಡಿಯ ಕ್ಯೂನಲ್ಲಿ ಡ್ರಿಲ್ ಮೇಷ್ಟ್ರು ಸಿಕ್ಕಿದ. ನನ್ನ ಜೊತೆಗೇ ರಿಟೈರ್ ಆದವನು. "ಏನಯ್ಯಾ, ಹಳೇ ಹುಡುಗರ ಜೊತೆ ಭಾರೀ ದೋಸ್ತಿಯಂತೆ. ನಿನಗೆ ಕುಕ್ಕರ್ ಅಂತಿದ್ರು, ಗೊತ್ತಾ? ನನಗೆ ಮಾತ್ರ ಯಾವ ಹೆಸರೂ ಇಡ್ಲಿಲ್ಲ ನೋಡು. ಪ್ರೀತಿ ಕಣಯ್ಯಾ, ನನ್ನ ಮೇಲೆ ಪ್ರೀತಿ."

ಹೌದು ಹೌದು, ಅಂದೆ. ಮುಖ ಕೆಮ್ಮಿನ ಸಿರಪ್ಪಿನ ಕಡೆ ತಿರುಗಿಸಿಕೊಂಡೆ.

ಮನೆಗೆ ಬಂದು ಇವಳಿಗೆ ಇಷ್ಟು ಹೇಳಿದ್ದೇ ತಪ್ಪಾಯಿತು. "ಏನು ಹೆಸರ್ರೀ ಅವರಿಗೆ? ಹೇಳ್ರೀ. ನಾನು ಯಾರ ಹತ್ರ ಹೇಳ್ತೀನಿ?" ಮಧ್ಯಾಹ್ನವೆಲ್ಲ ಬೆನ್ನು ಬಿಡಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ನೆನೆಸಿಕೊಂಡರೆ ನಗು ತಡೆಯದು. ಅವನ ನಡಿಗೆ, ಆ ಸೀಟಿ, ಆ ಹೆಸರು — ಎಂಥಾ ತಲೆಯಪ್ಪ ಇಟ್ಟವನದು! ಇಲ್ಲಿ ಬರೆದರೆ ಯಾರು ಓದುತ್ತಾರೆ? ಬರೆದೇಬಿಡುತ್ತೇನೆ. ಡ್ರಿಲ್ ಮೇಷ್ಟ್ರಿಗೆ ಇದ್ದ ಹೆಸರು —

ಬೇಡ. ಅಕಸ್ಮಾತ್ ಯಾರಾದರೂ ಮೇಷ್ಟರುಗಳ ಕಿವಿಗೆ ಬಿದ್ದರೆ? ಆಣೆ ಅಂದರೆ ಆಣೆ. ಏನೇ ಆಗಲಿ ಬಾಯಿ ಬಿಡಬಾರದು ಅಂತ ನಾವು ಹುಡುಗರೆಲ್ಲ ಸೇರಿ ಆಣೆ ಮಾಡಿದ್ದೇವೆ.