ಗುಡುಗಪ್ಪನವರ ಪಕ್ಕದ ಕುರ್ಚಿ

ಮನೆಯಿಂದ,
ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಹಡಗಿನ ಡಾಕ್ಟರಿಗೇ ತಲೆಸುತ್ತು ಬಂದರೆ ಔಷಧಿ ಕೊಡುವವರು ಯಾರು ಎಂದು ಅಮ್ಮ ದಿನಾ ನನ್ನನ್ನು ಕೇಳುತ್ತಾಳೆ, ನಾನೇನೋ ಆ ಹಡಗಿನ ಕಪ್ತಾನಳಾದ ಹಾಗೆ. ಈಗಲಾದರೂ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿದೆಯೇ? ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಫೋನ್ ಎತ್ತಿ 'ಸಾರ್ ಮೀಟಿಂಗಲ್ಲಿದ್ದಾರೆ' ಎನ್ನುವ ಕೆಲಸಕ್ಕೆ ಸೇರಿದ ಅಕ್ಕ ಚಲನಚಿತ್ರ ಮತ್ತು ಟೆಲಿವಿಷನ್ ಕಲಾ ಸಂಘದ ಆಡಳಿತ ಮುಖ್ಯಸ್ಥೆಯಾದಳು ಎಂದು ಹೋದ ವರ್ಷ ನೀನು ಹಡಗಿನ ತುಂಬ ಹೇಳಿಕೊಂಡು ಬಂದೆಯಂತೆ. ನಡುವೆ ನಾನು ಮಾಡಿದ ಕೆಲಸಗಳನ್ನೂ ಹೇಳಿದೆಯೋ ಇಲ್ಲವೋ. ಚಿತ್ರೋತ್ಸವಕ್ಕೆ ಬಂದ ಅತಿಥಿಗಳ ಕಳೆದುಹೋದ ಪೆಟ್ಟಿಗೆ ಹುಡುಕಿದ್ದು, ಅವರ ಸಿಟ್ಟು ಇಳಿಸಿದ್ದು, ಹೊಸ ನಿರ್ದೇಶಕರಿಗೆ ಶಿಬಿರ ನಡೆಸಿದ್ದು. ಈ ಹುದ್ದೆಯ ಸಂದರ್ಶನದಲ್ಲಿ ಹಿರಿಯ ನಿರ್ಮಾಪಕರೊಬ್ಬರು, 'ನೀವು ಒಂದು ಸಿನಿಮಾನೂ ತೆಗೆದಿಲ್ವಲ್ಲಮ್ಮ?' ಎಂದಿದ್ದರು. 'ಇಲ್ಲ ಸಾರ್. ತೆಗೆದವರು ಖಾಲಿ ಥಿಯೇಟರಲ್ಲಿ ತಲೆ ಬಗ್ಗಿಸಿ ಕೂತಿದ್ದಾಗ ಪಕ್ಕದಲ್ಲಿ ಕೂತಿದ್ದೀನಿ' ಎಂದೆ. ಅವರ ಪಕ್ಕದಲ್ಲೂ ಹಾಗೆ ಕೂತಿದ್ದೆ.

ಆದರೆ ಕುರ್ಚಿ ಸಿಕ್ಕ ದಿನವೇ ಅದರ ಕಾಲು ಅಲ್ಲಾಡುತ್ತಿತ್ತು ಎಂದು ನಿನಗೆ ಬರೆದಿರಲಿಲ್ಲ. ನಮ್ಮ ಸಂಘದ ಹೆಸರಿನಲ್ಲಿ ಸಿನಿಮಾ, ಟಿವಿ ಎರಡೂ ಇದ್ದರೂ ಮತ ಹಾಕುವ ಹಕ್ಕು ಸಿನಿಮಾದವರಿಗೆ ಮಾತ್ರ. ಈ ಮಹಾಸಭೆಯಲ್ಲಿ ನಮಗೂ ಹಕ್ಕು ಕೊಡದಿದ್ದರೆ ಬೇರೆ ಸಂಘ ಕಟ್ಟಿಕೊಳ್ಳುತ್ತೇವೆ ಎಂದು ಟಿವಿಯವರು ಪಟ್ಟು ಹಿಡಿದಿದ್ದರು. ಅವರ ಮುಖಂಡ, ಸಂಘದ ಸಮಿತಿಯಲ್ಲಿ ಮತವಿಲ್ಲದೆ ಕೂರುತ್ತಿದ್ದ ಧಾರಾವಾಹಿಗಳ ಸಂಕಲನಕಾರ, ಸಣ್ಣಗೆ ನಕ್ಕೊಂಡೇ ಚುಚ್ಚುವ ಮನುಷ್ಯ. ಈ ಕಡೆ ನಮ್ಮ ಅಧ್ಯಕ್ಷರು, ದೊಡ್ಡ ನಿರ್ದೇಶಕರು. ಅವರ ಗಂಟಲಿನಿಂದಾಗಿ ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಗುಡುಗಪ್ಪ ಎನ್ನುತ್ತೇವೆ. 'ಟಿವೀನ ಜನ ತರಕಾರಿ ಹೆಚ್ಚುತ್ತಾ ನೋಡ್ತಾರೆ. ಅದೂ ಒಂದು ಕಲೆಯೇನ್ರೀ?' ಎಂದು ಅವರು ಮೇಜು ಗುದ್ದಿದರೆ, 'ತರಕಾರಿ ಹೆಚ್ಚೋರ ಕೈಲಿ ಚಾಕು ಹಾಗೇ ನಿಲ್ಲೋ ಥರ ಮಾಡೋದು ನಿಮ್ಮ ಕೈಲಾಗುತ್ತಾ ಸಾರ್?' ಎನ್ನುತ್ತಿದ್ದರು ಸಂಕಲನಕಾರರು. ಎರಡು ಕಡೆಯವರೂ ಆಮೇಲೆ ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬಂದು ನನ್ನನ್ನೇ ಬೈಯುತ್ತಿದ್ದರು. ಸಂಕಲನಕಾರರಂತೂ ಬೈಯಲು ಬಂದವರು ಚಹಾ ಕುಡಿದು, ಮತ್ತೊಮ್ಮೆ ಬೈದು ಹೋಗುತ್ತಿದ್ದರು. ಸಂಘ ಒಡೆದರೆ ಶಿಬಿರ, ಪ್ರದರ್ಶನ, ಸಂಘದ ಪುಟ್ಟ ಥಿಯೇಟರು, ಇಷ್ಟು ವರ್ಷ ಬೆವರು ಸುರಿಸಿ ಕಟ್ಟಿದ್ದೆಲ್ಲ ಮೂರಾಬಟ್ಟೆಯಾಗುತ್ತದೆ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಪ್ರಶಸ್ತಿ ಸಮಾರಂಭ ಬಂತು. ಪ್ರತಿ ಸಲ ಮುಂದಿನ ಸಾಲು ಸಿನಿಮಾದವರಿಗೆ, ಹಿಂದಿನದು ಟಿವಿಯವರಿಗೆ. ಈ ಸಲ ನಾನು ಮೊಂಡು ಧೈರ್ಯ ಮಾಡಿ, ಚೀಟಿ ಎತ್ತಿ ಕುರ್ಚಿ ಹಂಚಿಬಿಟ್ಟೆ. ನಾನೇ ಬೇಕೆಂದು ಮಾಡಿದ್ದರೂ ಹಾಗೆ ಹೊಂದುತ್ತಿರಲಿಲ್ಲ ನೋಡು: ಗುಡುಗಪ್ಪನವರ ಪಕ್ಕಕ್ಕೆ ಬಂದವರು ಧಾರಾವಾಹಿಯ ಘಟವಾಣಿ ಅತ್ತೆ, ಅಂದರೆ ಆ ಪಾತ್ರ ಮಾಡುವ ನಟಿ. ಗುಡುಗಪ್ಪನವರು ಮುಖ ಊದಿಸಿಕೊಂಡು ಆ ಕಡೆ ತಿರುಗಿ ಕೂತರು. ಕಾರ್ಯಕ್ರಮ ಟಿವಿಯಲ್ಲಿ ನೇರ ಪ್ರಸಾರವಾಗುತ್ತಿತ್ತು. ಬಿಡುವಿನಲ್ಲಿ ಅವರ ಫೋನ್ ಬಡಿದುಕೊಂಡಿತು. ಮನೆಯಿಂದ ಅವರ ತಾಯಿ. ಮಗನಿಗೆ ಗಂಟಲು ಬಂದದ್ದು ಎಲ್ಲಿಂದ ಎಂದು ನಮಗೆಲ್ಲ ಅವತ್ತು ಗೊತ್ತಾಯಿತು. 'ಪಕ್ಕದಲ್ಲಿರೋಳಿಗೆ ಕೊಡೋ ಫೋನು' ಎಂದದ್ದು ಮೂರನೇ ಸಾಲಿಗೂ ಕೇಳಿಸಿತು. ಅವರು ಬೆವರುತ್ತಾ ಕೊಟ್ಟರು. 'ಆ ಸೊಸೆ ಹುಡುಗೀನ ಯಾಕಮ್ಮ ಮನೆಯಿಂದ ಆಚೆ ಹಾಕ್ದೆ? ಸಂಕಟಕ್ಕೆ ನಾನು ಊಟ ಬಿಟ್ಟು ಮಲಗಿದೆ.' ಆ ನಟಿ ತಡವರಿಸದೆ, 'ತಪ್ಪಾಯ್ತು ಅಮ್ಮ. ಮುಂದಿನ ವಾರ ನಾನೇ ಹೋಗಿ ಕರ್ಕೊಂಡು ಬರ್ತೀನಿ. ನೀವು ಮೊದಲು ಊಟ ಮಾಡಿ' ಎಂದರು. ಗುಡುಗಪ್ಪನವರು ಫೋನ್ ವಾಪಸು ತೆಗೆದುಕೊಂಡು, 'ಅಮ್ಮಾ, ಅದೆಲ್ಲ ಸುಳ್ಳಮ್ಮ' ಎಂದು ಪಿಸುಗುಟ್ಟಿದರು. 'ಗೊತ್ತು ಕಣೋ. ನಿನ್ನ ಸಿನಿಮಾನೂ ಸುಳ್ಳೇ ಅಲ್ವಾ? ಅದನ್ನ ನೋಡಿ ನಾನ್ಯಾವತ್ತಾದರೂ ಊಟ ಬಿಟ್ಟಿದೀನಾ?' ಸಾಲಿಗೆ ಸಾಲೇ ಅವರತ್ತ ತಿರುಗಿತು. ಮೊದಲು ನಕ್ಕವರು ಗುಡುಗಪ್ಪನವರೇ, ಹೊಟ್ಟೆ ಹಿಡಿದುಕೊಂಡು.

ಮೊನ್ನೆ ಶುಕ್ರವಾರ ಮಹಾಸಭೆ. ಟಿವಿಯವರಿಗೂ ಮತದ ಹಕ್ಕು ಎಂಬ ಗೊತ್ತುವಳಿಯನ್ನು ನಾನೇ ಓದಿದೆ. ಗುಡುಗಪ್ಪನವರು ಎದ್ದು ನಿಂತು, ಎಂದೂ ಇಲ್ಲದಷ್ಟು ಮೆಲ್ಲಗೆ, 'ನಮ್ಮಮ್ಮನ ಊಟ ಬಿಡಿಸೋದು ಇಷ್ಟು ವರ್ಷ ನನ್ನ ಕೈಲಾಗಲಿಲ್ಲ. ಈ ಧಾರಾವಾಹಿ ಅತ್ತೆ ಕೈಲಾಯ್ತು. ಇದು ಕಲೆ ಅಲ್ಲ ಅನ್ನೋಕೆ ನಂಗಿನ್ನು ಬಾಯಿ ಬರಲ್ಲ' ಎಂದು ಕೈ ಎತ್ತಿದರು. ಒಂದಾದ ಮೇಲೊಂದರಂತೆ ಕೈಗಳು ಮೇಲೆ ಹೋದವು. ಎಣಿಸುವ ಗೊಡವೆಯೇ ಬೇಕಾಗಲಿಲ್ಲ. ನಾನು ಹಳೆಯ ಪ್ರೊಜೆಕ್ಟರು ಇಟ್ಟಿರುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಸಂತೋಷಕ್ಕೆ. ಹೊರಗೆ ಬಂದರೆ ಸಂಕಲನಕಾರರು ನೀರಿನ ಲೋಟ ಹಿಡಿದು ನಿಂತಿದ್ದರು. 'ಇನ್ನು ನಿಮ್ಮ ಕೋಣೆಗೆ ಜಗಳಕ್ಕೆ ಬರೋಕೆ ನನಗೆ ಕಾರಣವೇ ಇಲ್ಲ' ಎಂದರು. ಗೆದ್ದವರ ಮುಖ ಅಷ್ಟು ಸಪ್ಪಗಿದ್ದದ್ದನ್ನು ನಾನು ನೋಡಿರಲಿಲ್ಲ.

ಅಮ್ಮ ಬೆಚ್ಚಗಿರು ಎಂದಿದ್ದಾಳೆ. ಹೋದಲ್ಲೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ಕಾಯಿಲೆಯವರು ಕಡಿಮೆ ಸಿಗಲಿ.

ನಿನ್ನ
ಅಕ್ಕ

ತಾ.ಕ.: ಅಮ್ಮ ಪತ್ರ ಓದಿಸಿಕೊಂಡು, 'ಇಷ್ಟುದ್ದ ಬರೆದು ಮುಖ್ಯವಾದದ್ದೇ ಬಿಟ್ಟಿದ್ದೀಯಲ್ಲೇ' ಎಂದು ಲಕೋಟೆ ಅಂಟಿಸಲು ಬಿಡುತ್ತಿಲ್ಲ. ಸರಿ, ಕೇಳು. ನಿನ್ನೆ ಸಂಕಲನಕಾರರು ಸಮಿತಿಗೆ ರಾಜೀನಾಮೆ ಕೊಡಲು ಬಂದರು. 'ಈಗ ತಾನೇ ಗೆದ್ದಿದ್ದೀರಲ್ಲ, ಯಾಕೆ?' ಎಂದೆ. 'ಹೆಂಡತಿ ಮುಖ್ಯಸ್ಥೆಯಾಗಿರೋ ಸಂಘದ ಸಮಿತೀಲಿ ಗಂಡ ಇದ್ದರೆ ಚೆನ್ನಾಗಿರಲ್ಲ' ಎಂದರು. ಯಾರ ಹೆಂಡತಿ ಎಂದು ತಲೆಗೆ ಹೋಗಲು ಐವತ್ತು ದಾಟಿದ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ರಾಜೀನಾಮೆ ಅಂಗೀಕರಿಸಿದ್ದೇನೆ. ನಿನ್ನ ರಜೆ ಯಾವಾಗ, ಬೇಗ ಬರೆ. ದಿನ ಗೊತ್ತು ಮಾಡಬೇಕು.