ತೂಕ ಏರಿಸದ ಅಡುಗೆ

ಹುವಾನ್ ದಿಯಾಸ್, ಪನಾಮಾ ನಗರ
ಮಾರ್ಚ್ ೨೪, ಮಂಗಳವಾರ

ಪ್ರೀತಿಯ ಬ್ರಿಸೆಯ್ಡಕ್ಕನಿಗೆ,

ನಿನ್ನ ತಂಗಿ ಎಡಿಲ್ಮಾಳ ಅಪ್ಪುಗೆಗಳು. ನಿಮ್ಮೂರು ಸೊನಾದ ಬಸ್ಸಿನ ಡ್ರೈವರ್ ಕೈಯಲ್ಲಿ ನೀನು ಕಳಿಸಿದ ಚೀಲ ಬಂದು ತಿಂಗಳಾಗುತ್ತ ಬಂತು. ಸೀಮೆಬದನೆ, ಸಿಹಿಗುಂಬಳ, ಕುಲಾಂತ್ರೋ ಸೊಪ್ಪು ಎಲ್ಲವನ್ನೂ ತಿಂದು ಮುಗಿಸಿ, ಚೀಲವನ್ನೂ ಒಗೆದು ಒಣಹಾಕಿ, ಈಗ ತಲುಪಿತೆಂದು ಬರೆಯುತ್ತಿದ್ದೇನೆ. ಬೈಯಬೇಡ. ಫೋನು ಮಾಡಬಾರದೇ ಎನ್ನುತ್ತೀಯ. ನಮ್ಮದು ಎರಡೇ ಕೋಣೆ ಅಕ್ಕ, ಪಿಸುಗುಟ್ಟಿದರೂ ಆ ಕಡೆ ಕೇಳುತ್ತದೆ. ನನಗೆ ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಕಾಗದವೇ ಗತಿ.

ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಅಬ್ದಿಯೆಲ್ ಚೆನ್ನಾಗಿಲ್ಲ. ನನ್ನ ಗಂಡನ ಕಸುಬು ನಿನಗೆ ಗೊತ್ತಲ್ಲ, ರೇಸಿಗೆ ಮುಂಚೆ ಜೀನು ಕೈಯಲ್ಲಿ ಹಿಡಿದು ತೂಕದ ಯಂತ್ರ ಹತ್ತಿದರೆ ಐವತ್ತನಾಲ್ಕು ಕಿಲೋ ದಾಟಬಾರದು. ಕಡಿಮೆ ಬಿದ್ದರೆ ಜೀನಿಗೆ ಸೀಸದ ತುಂಡು ಸೇರಿಸಿ ಸರಿ ಮಾಡುತ್ತಾರೆ. ಹೆಚ್ಚಾದರೆ ಮೈಯಿಂದಲೇ ತೆಗೆಯಬೇಕು. ಮೂವತ್ತೈದು ದಾಟಿದ ಮೈ ಅದು, ಗಾಳಿ ಕುಡಿದರೂ ಊದಿಕೊಳ್ಳುತ್ತದೆ. ಲಾಯದ ತರಬೇತುದಾರ ಡಾನ್ ಎಲಾದಿಯೋ ಈಸ್ಟರ್ ಭಾನುವಾರದ ರೇಸಿಗೆ ಕಂದು ಹೆಣ್ಣುಕುದುರೆಯನ್ನು ಇವನಿಗೇ ಕೊಟ್ಟಿದ್ದಾರೆ. ಕೊಡುವಾಗಲೇ ಹೇಳಿದರಂತೆ, "ನೋಡಪ್ಪ, ಇದೇ ಕೊನೆ ಸಲ. ಹೋದ ವಾರದ ಥರ ತೂಕ ಜಾಸ್ತಿ ಆದ್ರೆ ಈ ಲಾಯದಲ್ಲಿ ನಿಂಗೆ ಕುದುರೆ ಇಲ್ಲ." ಕುದುರೆ ಇಲ್ಲವೆಂದರೆ ಈ ಎರಡು ಕೋಣೆಯೂ ಇಲ್ಲ. ಇವು ಲಾಯದವರದ್ದು, ಅವರ ಜಾಕಿಗಳಿಗೆಂದೇ ಕೊಟ್ಟಿರುವುದು.

ಹೋದ ವಾರ ತೂಕ ಜಾಸ್ತಿಯಾದದ್ದು ನನ್ನಿಂದ. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಕ್ಲಿನಿಕ್ಕಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು. "ಉಪವಾಸ ಕೆಡವಬೇಡಮ್ಮ ಅವರನ್ನ. ಕುದುರೆ ಮೇಲೆ ತಲೆ ತಿರುಗಿ ಬಿದ್ರೆ ಯಾರು ಜವಾಬ್ದಾರಿ? ಕ್ಯಾಲರಿ ಕಡಿಮೆ ಇರಲಿ, ಆದ್ರೆ ಕಬ್ಬಿಣ ಬೇಕು, ಪ್ರೋಟೀನು ಬೇಕು, ಸುಣ್ಣದಂಶ ಬೇಕು. ಹುಡುಕು, ಸಿಗುತ್ತೆ." ಹೇಳುವುದು ಸುಲಭ. ಅಂದಿನಿಂದ ನಾನು ಹುಡುಕುತ್ತಲೇ ಇದ್ದೇನೆ. ಮೊಟ್ಟೆಯ ಬಿಳಿ, ಹಬೆಯಲ್ಲಿ ಬೇಯಿಸಿದ ಮೀನು, ಮಸೂರ್ ಬೇಳೆಯ ತಿಳಿ, ಬೆಂಡೆಕಾಯಿ, ಪರಂಗಿಹಣ್ಣು, ನೀರಿನಲ್ಲಿ ಬೆಳೆಯುವ ಬೆರ್ರೋ ಸೊಪ್ಪು ಕಟ್ಟುಗಟ್ಟಲೆ. ಸಂತೆಯಲ್ಲಿ ಸೊಪ್ಪು ಮಾರುವವಳು ನನ್ನನ್ನು ಕಂಡ ಕೂಡಲೇ ಶುರು ಮಾಡುತ್ತಾಳೆ. "ಬಂದ್ಯಾ ತಾಯಿ? ಮನೇಲಿರೋದು ಗಂಡಾನೋ ಮೊಲಾನೋ?" ಸುತ್ತ ಇದ್ದವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ, ಏನು ಮಾಡಲಿ? ಪಕ್ಕದ ಮನೆಯ ಸೊರಾಯ್ದಾ ಇನ್ನೂ ಮೇಲು. "ನಾವೇನೋ ಈಸ್ಟರ್ ಬಂದ್ರೆ ಉಪವಾಸ ಬಿಡ್ತೀವಿ ಎಡಿಲ್ಮಾ. ನಿಮ್ಮನೇಲಿ ಏಸು ಯಾವಾಗ ಎದ್ದು ಬರ್ತಾನೆ?" ಎಂದಳು.

ನಮ್ಮ ಮನೆಯಲ್ಲಿ ಈಗ ಕರಿಯುವುದೇ ಇಲ್ಲ. "ನನ್ನ ಕಣ್ಣೆದುರಿಗೆ ಪತಕೋನು ಕರೀಬೇಡ ಎಡಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಬ್ದಿಯೆಲ್ ಒಂದು ದಿನ ನಿಜವಾಗಿಯೂ ಮಂಡಿಯೂರಿದ. ಬಾಳೆಕಾಯಿ ಎಣ್ಣೆಗೆ ಬಿದ್ದ ಸದ್ದು ಕೇಳಿದರೆ ಅವನ ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ಅವನು ತಿಂದದ್ದೇ ನಾನೂ, ಮಗಳು ಯಾರಿಯೂ ತಿನ್ನುವುದು. ಅವನಿಗೊಂದು ನಮಗೊಂದು ಮಾಡಿ ಅವನ ಹೊಟ್ಟೆ ಉರಿಸುವುದು ಬೇಡವೆಂದುಕೊಂಡೆ. ಆದರೆ ನಾನು ಕಳ್ಳಿ. ಬಸ್ ಸ್ಟಾಪಿನಲ್ಲಿ ನಿಂತು ಬಿಸಿ ಓಹಾಲ್ದ್ರೆ ರೊಟ್ಟಿ ತಿನ್ನುತ್ತೇನೆ. ಎಣ್ಣೆ ಸೋರುವ ರೊಟ್ಟಿ, ಮೇಲೆ ಚೀಸು. ತಿಂದು ಬಾಯಿ, ಕೈ, ಗದ್ದ ಎಲ್ಲ ಒರೆಸಿಕೊಂಡು, ಯಾರ ಜೊತೆಗೋ ಕದ್ದು ಮಾತಾಡಿ ಬಂದವಳ ಹಾಗೆ ಮನೆಗೆ ಬರುತ್ತೇನೆ.

ಹೋದ ಶುಕ್ರವಾರ ಸೊರಾಯ್ದಾ ಒಂದು ತುಂಡು ಉಪ್ಪುಮೀನು ಕೊಟ್ಟಳು. ಮಾಂಸ ಮುಟ್ಟದ ಈ ಉಪವಾಸದ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಅದೇ ತಾನೇ? ನಾನು ಲೆಕ್ಕ ಹಾಕಿದೆ. ಕೊಬ್ಬು ಇಲ್ಲವೇ ಇಲ್ಲ, ಬರೀ ಪ್ರೋಟೀನು, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು! ನೆನೆಹಾಕಿದೆ. ಆದರೆ ಅಮ್ಮ ಮಾಡುತ್ತಿದ್ದ ಹಾಗೆ ಮತ್ತೆ ಮತ್ತೆ ನೀರು ಬದಲಿಸಲಿಲ್ಲ. ನೀರಿನ ಜೊತೆ ಸತ್ವವೂ ಹೋದೀತು ಎಂಬ ಭಯ. ಅದೇ ನೀರಲ್ಲಿ ಬೆರ್ರೋ ಸೊಪ್ಪು ಹಾಕಿ ಕುದಿಸಿಬಿಟ್ಟೆ. ಅಬ್ದಿಯೆಲ್ ಬಟ್ಟಲು ಎತ್ತಿ ಕುಡಿದ. "ಇದು ಊಟ ಕಣೇ! ಎಷ್ಟು ದಿನ ಆಗಿತ್ತು ನಾಲಿಗೆಗೆ ರುಚಿ ಹತ್ತಿ" ಎಂದ. ನನಗಾದ ಸಂತೋಷ ಹೇಳತೀರದು. ಆಮೇಲೆ ನೀರಡಿಕೆ ಶುರುವಾಯಿತು. ಕುಡಿದ, ಮತ್ತೆ ಕುಡಿದ. ಕುಡಿದ ನೀರನ್ನು ಉಪ್ಪು ಮೈಯಲ್ಲೇ ಹಿಡಿದುಕೊಂಡಿತು. ಕ್ಯಾಲರಿ ನೋಡಿದ ನಾನು ಉಪ್ಪು ನೋಡಲಿಲ್ಲ.

ಬೆಳಿಗ್ಗೆ ಯಂತ್ರ ಹತ್ತಿದವನ ಮುಖ ಬೆಳ್ಳಗಾಯಿತು. ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿಕೊಂಡು, ಮೇಲೆ ಉಣ್ಣೆ ಅಂಗಿ ಹಾಕಿ, ಬಿಸಿಲಲ್ಲಿ ನಿಂತ ಕಾರಿನ ಗಾಜು ಏರಿಸಿ ಒಳಗೆ ಕೂತ. ನಾನು ಹೊರಗೆ ನಿಂತು ಗಾಜಿನಲ್ಲಿ ನೋಡುತ್ತಿದ್ದೆ. ಬಾಗಿಲು ತೆರೆಯಲು ಹೋದರೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಅಷ್ಟು ಮಾಡಿಯೂ ಇನ್ನೂರು ಗ್ರಾಂ ಉಳಿಯಿತು. ಕುದುರೆಯನ್ನು ಬೇರೆ ಹುಡುಗನಿಗೆ ಕೊಟ್ಟರು. ಮನೆಗೆ ಬಂದವನು, "ನೀನು ನನ್ನ ಹೆಂಡ್ತೀನೋ, ಆ ಹುಡುಗನ ಕಡೆಯವಳೋ?" ಎಂದ. ಆಮೇಲೆ ತಾನೇ ಅತ್ತು ನನ್ನ ತೊಡೆಯ ಮೇಲೆ ತಲೆ ಇಟ್ಟ. ಆ ತಲೆ ಮಗುವಿನ ತಲೆಯಷ್ಟೇ ಹಗುರವಾಗಿತ್ತು.

"ಇದೆಲ್ಲ ಬಿಟ್ಟು ಸೊನಾಗೆ ಹೋಗೋಣ, ಅಕ್ಕನ ಹೋಟೆಲಲ್ಲಿ ಕೆಲಸ ಇದ್ದೇ ಇದೆ" ಎಂದೆ. ನಗು ಬಂತು ಅವನಿಗೆ. "ಹದಿನಾರನೇ ವಯಸ್ಸಿಂದ ಕುದುರೆ ಮೇಲಿದ್ದೀನಿ. ಕೆಳಗಿಳಿದ್ರೆ ನಾನು ಯಾರು? ಊರೆಲ್ಲ ಹೊಟ್ಟೆ ತುಂಬ ತಿನ್ನೋದನ್ನ ನೋಡ್ಕೊಂಡು ಮೇಜು ಒರೆಸ್ಲಾ?" ಎಂದ. ಅವನ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಆಗುವುದಿಲ್ಲ. ಬಿಟ್ಟು ಹೋಗೋಣವೆಂದರೂ ಆಗುವುದಿಲ್ಲ. ಅವನು ಗೆದ್ದರೆ ಇದೇ ಬಾಳು ಇನ್ನೊಂದು ವರ್ಷ, ಸೋತರೆ ಬೀದಿ. ನಾನು ಏನೆಂದು ಪ್ರಾರ್ಥಿಸಲಿ ಎಂಬುದೇ ತಿಳಿಯದೆ ಇಗರ್ಜಿಯಲ್ಲಿ ಸುಮ್ಮನೆ ಕೂತು ಬರುತ್ತೇನೆ.

ಅದಕ್ಕೇ ಕೇಳುತ್ತಿದ್ದೇನೆ ಅಕ್ಕ, ಹೊಟ್ಟೆ ತುಂಬಬೇಕು, ರಕ್ತ ಆಗಬೇಕು, ಯಂತ್ರದ ಮುಳ್ಳು ಅಲುಗಾಡಬಾರದು. ಅಂಥದ್ದು ನಿನ್ನ ಹಿತ್ತಲಲ್ಲಿ ಏನಿದ್ದರೂ ಕಳಿಸು. ಸೀಮೆಬದನೆ ಹೆಚ್ಚಿಗೆ ಹಾಕು, ಅದನ್ನು ಎಷ್ಟು ತಿಂದರೂ ಪರವಾಗಿಲ್ಲ.

ಇನ್ನೊಂದು ವಿಷಯ. ಈ ಶನಿವಾರ ಯಾರಿಯನ್ನು ಅದೇ ಬಸ್ಸಿಗೆ ಹತ್ತಿಸುತ್ತೇನೆ, ಸೊರಾಯ್ದಾಳ ತಾಯಿ ಜೊತೆಗಿರುತ್ತಾರೆ. ರಜೆಗೆಂದು ಅಬ್ದಿಯೆಲ್‌ಗೆ ಹೇಳಿದ್ದೇನೆ. ರಜೆ ಮುಗಿದರೂ ಅವಳು ಅಲ್ಲೇ ಇರಲಿ.

ಭಾವನವರಿಗೆ ನನ್ನ ನೆನಪು ಹೇಳು. ನಿನ್ನ ಒಲೆ ಎಂದೂ ಆರದಿರಲಿ, ನಿನ್ನ ಮಕ್ಕಳು ತಟ್ಟೆ ಮುಂದೆ ಜಗಳವಾಡುತ್ತಲೇ ಇರಲಿ. ಆ ಮೇರಿಮಾತೆ ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಎಡಿಲ್ಮಾ

ತಾ. ಕ. ಲಕೋಟೆ ಅಂಟಿಸಿದ ಮೇಲೆ ಮತ್ತೆ ಹರಿದೆ. ನಿನ್ನ ಹತ್ತಿರ ಮುಚ್ಚಿಟ್ಟು ಮಗುವನ್ನು ಕಳಿಸುವುದು ಸರಿಯಲ್ಲ. ನಿನ್ನೆ ಯಾರಿ ಶಾಲೆಯ ಅಂಗಳದಲ್ಲಿ ತಲೆ ಸುತ್ತಿ ಬಿದ್ದಳು. ಶಾಲೆಯಲ್ಲಿ ಕೊಡುವ ಊಟವನ್ನು ತುಂಬ ದಿನದಿಂದ ಪಕ್ಕದ ಹುಡುಗಿಯ ತಟ್ಟೆಗೆ ಸುರಿಯುತ್ತಿದ್ದಾಳಂತೆ, ಟೀಚರ್ ಹೇಳಿದರು. ಮನೆಗೆ ಕರೆದುಕೊಂಡು ಬಂದು ಸ್ನಾನ ಮಾಡಿಸುವಾಗ ಬೆನ್ನ ಮೂಳೆಗಳು ಕೈಗೆ ಸಿಕ್ಕವು. ಯಾಕೆ ಕಂದಾ ಎಂದು ಕೇಳಿದೆ. "ಅಪ್ಪಂಗೆ ಆಗದೇ ಇದ್ರೆ ಕುದುರೆ ನಾನು ಓಡಿಸ್ತೀನಮ್ಮ. ನಾನು ಈಗಲೇ ಹಗುರ ಇದೀನಿ, ಹೀಗೇ ಇರ್ತೀನಿ. ಆಗ ನಮ್ಮನ್ನ ಯಾರೂ ಮನೆ ಬಿಡಿಸಲ್ಲ" ಎಂದಳು. ಅವಳಿಗೆ ಒಂಬತ್ತು ವರ್ಷ ಅಕ್ಕ.

ಅಬ್ದಿಯೆಲ್‌ಗೆ ಹೇಳಿಲ್ಲ. ಗೊತ್ತಾದರೆ ಆ ಭಾನುವಾರ ಅವನು ಕುದುರೆ ಹತ್ತಲಾರ. ಗೊತ್ತಾದ ಮೇಲೂ ಹತ್ತಿದರೆ ಅದನ್ನು ನಾನು ತಾಳಲಾರೆ.

ಅವಳ ಎದುರಿಗೇ ಬಾಣಲೆ ಇಡು. ಯಾವುದು ಒಳ್ಳೆಯದು, ಯಾವುದರಲ್ಲಿ ಏನಿದೆ ಎಂದು ಅವಳಿಗೆ ಹೇಳಬೇಡ, ತಿನ್ನು ತಿನ್ನು ಎಂದು ಒತ್ತಾಯವನ್ನೂ ಮಾಡಬೇಡ. ಪಕ್ಕದಲ್ಲಿ ಕೂತು ನೀನು ತಿನ್ನು, ಅಷ್ಟೇ. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡ ದಿನ ಬಸ್ಸಿನ ಡ್ರೈವರ್ ಹತ್ತಿರ "ತಿಂದಳು" ಎಂದು ಹೇಳಿ ಕಳಿಸು. ನಾನು ದಿನಾ ಬಸ್ ಬರುವ ಹೊತ್ತಿಗೆ ಸ್ಟಾಪಿನಲ್ಲಿ ನಿಂತಿರುತ್ತೇನೆ.